ಹಲಸಿನ ಮೇಣದಲ್ಲಿ ಸಿಕ್ಕ ಪದರ

“ಕೇಳಿರಯ್ಯಾ ಕೇಳಿ! ರಾಜಕುಮಾರಿ ಚಿತ್ಪ್ರಭೆಯ ಮೂರು ಒಗಟು ಒಡೆದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಶನಿವಾರ ಉರುಳುತ್ತದೆ!”

ಈ ಡಂಗುರ ಸಾರಿದವನು ನಾನೇ ಕಣ್ರಯ್ಯಾ. ನನ್ನ ಕಂಠಕ್ಕೆ ಬೆಚ್ಚಿ ಎರಡು ಗುಡ್ಡ ಹಿಂದೆ ಸರಿದವು. ಉತ್ತರಗಳೂ ನನಗೆ ಗೊತ್ತಿದ್ದವು. ಆದರೆ ಇಂಥ ತಲೆ ಲೋಕಕ್ಕೆ ಇನ್ನೊಂದು ಸಿಕ್ಕೀತೇ? ಸುಮ್ಮನಿದ್ದೆ.

ಏಳು ಮಂದಿ ತಪ್ಪು ಹೇಳಿ ಸೆರೆಮನೆ ಸೇರಿದರು. ಏಳನೆಯವನು ಕಲಾಯಿಯ ಮಹಬೂಬ. ಶುಕ್ರವಾರ ಅವನ ತಮ್ಮ ದಸ್ತಗೀರ, ಅರಮನೆ ಹಿತ್ತಿಲಲ್ಲಿ ಹಂಡೆಗಳಿಗೆ ಕಲಾಯಿ ಹಾಕುತ್ತಿದ್ದವನು, ಮಸಿಗೈಯಲ್ಲೇ ಸಭೆಗೆ ಬಂದ. ಅವನ ಮುಂದೆ ರೇಷ್ಮೆ ಪೇಟದ ಯುವರಾಜನೊಬ್ಬ ನಿಂತಿದ್ದ.

“ಬೆಂಕಿ ತಿನ್ನುತ್ತದೆ, ಬೂದಿ ಬಿಡುವುದಿಲ್ಲ. ಮೋಡ ಬಂದರೆ ಉಪವಾಸ. ಏನದು?” ಎಂದಳು ರಾಜಕುಮಾರಿ.

“ಸಿಡಿಲು!” ಎಂದ ಯುವರಾಜ. ಭಟರು ಎಳೆದೊಯ್ದರು; ಪೇಟ ಸಭೆಯಲ್ಲೇ ಉಳಿಯಿತು.

ದಸ್ತಗೀರ ತಲೆ ಕೆರೆದುಕೊಂಡ. “ಅಮ್ಮಾವ್ರೇ, ನಾವು ತಿದಿ ಊದೋರು. ಬೂದಿ ಬಿಡದ ಬೆಂಕಿ ನಾ ಕಂಡಿದ್ದು ಸೂರ್ಯಂದು ಒಂದೇ. ನಿಮ್ಮ ಮಾಳಿಗೆ ಮೇಲೆ ಚಾಪೆ ಹಂಗೆ ಕಪ್ಪು ಹಾಳೆ ಹಾಸ್ತಾರಲ್ಲ, ಬಿಸಿಲು ತಿಂದು ದೀಪ ಹಚ್ಚೋದು, ಅದೇ.”

“ಸರಿ. ಹಗಲೆಲ್ಲ ತುಂಬಿದರೂ ಭಾರವಾಗದು, ಇರುಳೆಲ್ಲ ಸುರಿದರೂ ಹಗುರಾಗದು. ತವರು ಕಡಲು. ಏನದು?”

“ನಿಮ್ಮಣ್ಣ ‘ಮುತ್ತು’ ಎಂದು ಹೇಳಿ ಒಳಗೆ ಹೋದ,” ಎಂದು ಮಂತ್ರಿ ನಕ್ಕ.

“ನಮ್ಮಣ್ಣಂಗೆ ಅವಸರ, ಸ್ವಾಮಿ. ಹಾಳೆ ಗಳಿಸಿದ್ದನ್ನ ಎಲ್ಲಾದ್ರೂ ಕೂಡಿಡಬೇಕಲ್ಲ? ಅರಮನೆಗೆ ಗಾಡಿಗಟ್ಟಲೆ ಉಪ್ಪು ಬರ್ತದೆ, ಸಾರಿಗೆ ಹಾಕೋಕೆ ಮಾತ್ರ ಸಾಲಲ್ಲ ಅಂತ ಅಡುಗೆಯವರು ಗೊಣಗ್ತಿದ್ರು. ಉಪ್ಪಿನ ಬ್ಯಾಟರಿ.”

ರಾಜಕುಮಾರಿ ಮುಂದಕ್ಕೆ ಬಾಗಿದಳು. “ಮಕ್ಕಳ ಕೈಯಲ್ಲಿ ದಿನಾ ಸವೆಯುತ್ತದೆ. ಒಂದೇ ಪದರ ಬಿಡಿಸಿದರೆ ಅದರ ಗಟ್ಟಿತನಕ್ಕೆ ಉಕ್ಕೂ ಸೋಲುತ್ತದೆ. ಹೇಳಿದರೆ ಸಾಲದು, ಬಿಡಿಸಿ ತೋರಿಸು.”

ನನ್ನ ಎದೆಬಡಿತಕ್ಕೆ ತೂಗುದೀಪಗಳು ಅಲುಗಿದವು.

“ಪೆನ್ಸಿಲಿನ ಕಪ್ಪು, ಅಮ್ಮಾವ್ರೇ,” ಎನ್ನುತ್ತಾ ದಸ್ತಗೀರ ಕರಣಿಕನ ಕಿವಿಯಿಂದ ಪೆನ್ಸಿಲ್ ಎಳೆದುಕೊಂಡ. ಸೋರುವ ಪಾತ್ರೆಗೆ ಮೆತ್ತಲು ಸೊಂಟದಲ್ಲಿಟ್ಟಿದ್ದ ಹಲಸಿನ ಮೇಣ ತೆಗೆದ. ಪೆನ್ಸಿಲಿನ ಕಪ್ಪಿಗೆ ಮೇಣ ಒತ್ತಿದ, ಕಿತ್ತ. ಆ ಮೇಣಕ್ಕೆ ಇನ್ನೊಂದು ಉಂಡೆ ಒತ್ತಿದ, ಕಿತ್ತ. ಒತ್ತಿದ, ಕಿತ್ತ. ಕಪ್ಪು ಬೂದಾಯಿತು, ಬೂದು ಮಾಯವಾಯಿತು.

“ಏನೂ ಕಾಣ್ತಿಲ್ಲವಲ್ಲೋ!” ಎಂದ ರಾಜ.

“ಕಂಡಿದ್ರೆ ಇನ್ನೂ ದಪ್ಪ ಇದೆ ಅಂತ, ಬುದ್ಧಿ.”

ರಾಜಕುಮಾರಿ ಆ ಮೇಣವನ್ನು ತನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಸಿಂಹಾಸನದ ಮುಂದೆಯೇ ಕುಣಿದಳು. “ಒಂದೇ ಪದರ, ಅಪ್ಪಾಜಿ! ಎರಡು ವರ್ಷ ನಾವು ಉಳಿ, ಕತ್ತಿ ಹಿಡಿದು ಕೂತಿದ್ದೆವು. ಅಂಟು ಯಾರಿಗೂ ಹೊಳೆಯಲಿಲ್ಲ! ಇದನ್ನು ಸೇರಿಸಿದರೆ ಉಪ್ಪಿನ ಬ್ಯಾಟರಿ ಗಳಿಗೆಯಲ್ಲಿ ತುಂಬೀತು. ದೀಪಕ್ಕೆಂದು ಇನ್ನು ಕಾಡು ಸುಡಬೇಕಿಲ್ಲ.” ದಸ್ತಗೀರನತ್ತ ತಿರುಗಿದಳು. “ಬೇಡಿಕೋ. ಅರ್ಧ ರಾಜ್ಯವೇ?”

“ನಮ್ಮಣ್ಣ, ಅಮ್ಮಾವ್ರೇ. ಒಳಗಿರೋ ಉಳಿದವ್ರೂ.”

ಬೀಗಗಳು ಕಳಚಿದವು.

“ನಾಳೆಯಿಂದ ನನ್ನ ಪ್ರಯೋಗಶಾಲೆಗೆ ಬಾ,” ಎಂದಳು ರಾಜಕುಮಾರಿ.

“ನಾಳೆ ಆಗಲ್ಲ. ಹನ್ನೊಂದು ಹಂಡೆ ಬಾಕಿ ಇವೆ.”

ಮಹಬೂಬ ಒಂದು ಕೈಯಲ್ಲಿ ಕುತ್ತಿಗೆ ಸವರಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ತಮ್ಮನ ಬೆನ್ನಿಗೆ ಗುದ್ದಿದ. “ಹಂಡೆ ನಾ ನೋಡ್ಕೋತೀನಿ. ನೀ ಓಡೋ, ಪೆದ್ದಾ!”