ಚೆಂಬುಕುಟಿಗನ ಹಣೆಗೆ ಕೆಂಪು ಬಂದದ್ದು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲ ಅದು. ಭೂಮಿ ಹೊಸದು. ಹೊಳೆ ಕೇಳಿದರೆ ಗಾಳಿ ಉತ್ತರ ಕೊಡುತ್ತಿತ್ತು, ಹಕ್ಕಿ ಕರೆದರೆ ಮನುಷ್ಯರು ತಿರುಗಿ ನೋಡುತ್ತಿದ್ದರು.

ಆಗ ಒಂದು ಕೆಂಪು ಬೆಟ್ಟದ ಕೆಳಗೆ ಮಾರಕ್ಕ ಎಂಬ ಹೆಂಗಸಿದ್ದಳು. ಅವಳ ಊರಿನ ನೆಲ ಬಂಡೆಯಂಥದ್ದು. ಮರದ ಕೋಲಿನಿಂದ ಕೆದಕಿದರೆ ಕೋಲೇ ಮುರಿಯುತ್ತಿತ್ತು. ಮೇಲೆ ಮೇಲೆ ಚೆಲ್ಲಿದ ಬೀಜ ಇರುವೆಗಳ ಪಾಲಾಗುತ್ತಿತ್ತು. ಹೋದ ವರ್ಷ ಊರಿಗೆ ಊರೇ ಹಸಿದಿತ್ತು. ಈ ಮಳೆಗೆ ಮೊದಲು ನೆಲ ಸೀಳುವ ಗಟ್ಟಿ ಗುದ್ದಲಿ ಆಗಲೇಬೇಕು ಎಂದು ಮಾರಕ್ಕ ಹಟ ಹಿಡಿದಳು.

ತನ್ನ ಕೆಂಪು ಕಲ್ಲಿನೊಳಗೆ ಕಬ್ಬಿಣ ಇದೆ ಎಂದು ಬೆಟ್ಟವೇ ಅವಳಿಗೆ ಹೇಳಿತ್ತು. ಅವಳು ಹುತ್ತದ ಮಣ್ಣಿನಿಂದ ಕುಲುಮೆ ಕಟ್ಟಿದಳು. ಒಳಗೆ ಕಲ್ಲು, ಇದ್ದಿಲು ತುಂಬಿ ಬೆಳಗಿನಿಂದ ಸಂಜೆಯವರೆಗೆ ಗಾಳಿಯೂದುವ ತಿದಿ ಒತ್ತಿದಳು. ಕುಲುಮೆಯಿಂದ ಹೊರಬಂದದ್ದು ನಿಗಿನಿಗಿ ಉರಿಯುವ ಒಂದು ಮುದ್ದೆ. ಮೈತುಂಬ ತೂತು, ತೂತಿನ ತುಂಬ ಕಿಟ್ಟವೆಂಬ ಹೊಲಸು. ಬಿಸಿಯಿರುವಾಗಲೇ ಕುಟ್ಟಿ ಕಿಟ್ಟ ತೆಗೆದರೆ ಮಾತ್ರ ಅದು ಕಬ್ಬಿಣ.

ಕುಟ್ಟಲು ನಿಂತವರು ಅವಳ ಮೈದುನರು, ಗೂಳಪ್ಪ ಮತ್ತು ಪಾಲಯ್ಯ. ತೋಳಿನಲ್ಲಿ ಬಲ ಬೇಕಾದಷ್ಟಿತ್ತು, ತಲೆಯಲ್ಲಿ ಬರೀ ಪೈಪೋಟಿ. ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ, ನಾ ಮುಂದು ತಾ ಮುಂದು ಎಂದು ಕಲ್ಲಿನ ಸುತ್ತಿಗೆ ಬೀಸಿದರು. ಮುದ್ದೆ ಪುಡಿಪುಡಿಯಾಯಿತು. ಮತ್ತೊಂದು ಮುದ್ದೆ ತೆಗೆದರು. ಅದೂ ಪುಡಿಯಾಯಿತು.

"ಅವ್ನು ಜೋರಾಗಿ ಹೊಡ್ದ ಅತ್ತಿಗೆ."

"ಇವ್ನೇ ಅಡ್ಡ ಬಂದ."

"ಇಬ್ರೂ ಬಾಯಿ ಮುಚ್ರಿ" ಎಂದಳು ಮಾರಕ್ಕ. "ಇದ್ಲು ಇನ್ನೊಂದೇ ಮುದ್ದೆಗೆ ಆಗೋದು. ಮೋಡ ಬೇರೆ ಕಟ್ತಾ ಐತೆ. ಇದೂ ಪುಡಿಯಾದ್ರೆ ಈ ವರ್ಷಾನೂ ಮಕ್ಳು ಉಪವಾಸ."

ಮೆಲ್ಲಗೆ, ಒಬ್ಬರಾದ ಮೇಲೆ ಒಬ್ಬರು, ಒಂದೇ ಸಮನೆ ಹೊಡೆಯಬೇಕು. ಅದು ಅವಳಿಗೆ ಈಗ ಗೊತ್ತಾಗಿತ್ತು. ಆದರೆ ತಾಳ ಹಾಕುವವರು ಯಾರು? ಅವಳ ಎರಡೂ ಕೈ ಇಕ್ಕಳದ ಮೇಲೆ, ಗಂಟಲ ತುಂಬ ಹೊಗೆ.

"ನಾನು ಹಾಕ್ತೀನಿ" ಎಂದಿತು ಗಾಳಿ. ಒಮ್ಮೆ ರೊಯ್ಯನೆ ಬೀಸಿ ಮಲಗಿಬಿಟ್ಟಿತು. "ನಾನು ಹಾಕ್ತೀನಿ" ಎಂದಿತು ಹೊಳೆ. ಅದು ಮಾತಿಗೆ ನಿಂತರೆ ನಡುವೆ ಉಸಿರೇ ಬಿಡದು.

ಒಣಮರದ ತುದಿಯಲ್ಲಿದ್ದ ಪುಟ್ಟ ಹಸಿರು ಹಕ್ಕಿಯೊಂದು "ಟುಕ್" ಎಂದಿತು. ಎಲ್ಲರೂ ನಕ್ಕರು. ಅದಕ್ಕೆ ಬರುತ್ತಿದ್ದುದು ಅದೊಂದೇ ಮಾತು. ಗಿಳಿಗಳಂತೂ ಅದನ್ನು ಹತ್ತಿರವೇ ಸೇರಿಸುತ್ತಿರಲಿಲ್ಲ.

ಮಾರಕ್ಕ ನಗಲಿಲ್ಲ. "ಇನ್ನೊಂದ್ಸಲ ಹೇಳವ್ವಾ" ಎಂದಳು.

"ಟುಕ್. ಟುಕ್. ಟುಕ್."

"ಬಾ, ನಮ್ಮತ್ರ ಕೂತ್ಕಾ."

ಕೊನೆಯ ಮುದ್ದೆ ಹೊರಬಂತು. ಹಕ್ಕಿ ಪಕ್ಕದ ಮೋಟುಮರದ ಮೇಲೆ ಕೂತಿತು. ಗೂಳಪ್ಪನ ಕಡೆ ತಲೆ ತಿರುಗಿಸಿ ಟುಕ್ ಎಂದಿತು, ಗೂಳಪ್ಪ ಹೊಡೆದ. ಪಾಲಯ್ಯನ ಕಡೆ ತಿರುಗಿಸಿ ಟುಕ್ ಎಂದಿತು, ಪಾಲಯ್ಯ ಹೊಡೆದ. ಕಿಟ್ಟ ಜಿನುಗಿ ಕೆಳಗಿಳಿಯತೊಡಗಿತು. ಮುದ್ದೆ ಒಡೆಯಲಿಲ್ಲ.

ಅಷ್ಟರಲ್ಲಿ ಒಂದು ಕಿಡಿ ಹಾರಿ ಹಕ್ಕಿಯ ಹಣೆಗೆ ತಾಗಿತು. ಇನ್ನೊಂದು ಕೊರಳಿಗೆ ತಾಗಿತು.

"ಅತ್ತಿಗೆ, ಹಕ್ಕಿ ಸುಡ್ತಾ ಐತೆ, ನಿಲ್ಸಾನ?" ಎಂದ ಪಾಲಯ್ಯ.

ನಿಲ್ಲಿಸಿದರೆ ಮುದ್ದೆ ಆರುತ್ತದೆ. ಮಾರಕ್ಕ ಹಕ್ಕಿಯ ಕಡೆ ತಿರುಗಿದಳು. "ಹಾರೋಗವ್ವಾ, ಮೈ ಸುಟ್ಕಬ್ಯಾಡ" ಎಂದಳು. ಅವಳ ಕಣ್ಣಲ್ಲಿ ನೀರು.

ಹಕ್ಕಿ ಹಾರಲಿಲ್ಲ. ಪಾಲಯ್ಯನ ಕಡೆ ತಿರುಗಿ ಟುಕ್ ಎಂದಿತು.

"ಹೊಡಿ" ಎಂದಳು ಮಾರಕ್ಕ.

ಕಬ್ಬಿಣ ಗಟ್ಟಿಯಾಯಿತು, ಗುದ್ದಲಿಯಾಯಿತು. ಮೊದಲ ಮಳೆ ಬೀಳುವ ಹೊತ್ತಿಗೆ ಊರಿನ ಬೀಜವೆಲ್ಲ ಮಣ್ಣಿನೊಳಗಿತ್ತು. ಹಕ್ಕಿಯ ಗಾಯ ಮಾಯಿತು, ಆದರೆ ಕೆಂಪು ಹಾಗೇ ಉಳಿಯಿತು.

ಆಮೇಲೆ ಬಂದವರು ಅದಕ್ಕೆ ಚೆಂಬುಕುಟಿಗ, ಅಂದರೆ ತಾಮ್ರ ಕುಟ್ಟುವವನು, ಎಂದು ಹೆಸರಿಟ್ಟರು. ಅದು ಕುಟ್ಟಿಸಿದ್ದು ಕಬ್ಬಿಣ ಎಂದು ಅವರಿಗೇನು ಗೊತ್ತು? ಬೇಸಿಗೆಯ ನಡುಮಧ್ಯಾಹ್ನ ಬೇರೆ ಹಕ್ಕಿಗಳೆಲ್ಲ ನೆರಳಲ್ಲಿ ತೂಕಡಿಸುವಾಗ ಮರದ ತುದಿ ನೋಡು ಮಗಾ: ಕೆಂಪು ಹಣೆ, ಕೆಂಪು ಕೊರಳಿನ ಆ ಪುಟ್ಟ ಹಕ್ಕಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಲೆ ತಿರುಗಿಸಿ ಟುಕ್, ಟುಕ್ ಎನ್ನುತ್ತಲೇ ಇರುತ್ತದೆ, ಯಾಕೆಂದರೆ ಮಾರಕ್ಕ ಹೊಡಿ ಎಂದಳೇ ಹೊರತು, ಸಾಕು ನಿಲ್ಲಿಸಿ ಎಂದು ಅದರ ಮುಂದೆ ಯಾರೂ ಹೇಳಲೇ ಇಲ್ಲ.