ನಿಂತ ನೀರು ಹಸಿರು ಹೊದ್ದು ಮಲಗಿದ್ದು

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳಿಗೆ ತಮ್ಮ ಎತ್ತರವೇ ರೂಢಿಯಾಗಿರಲಿಲ್ಲ. ನೀರೆಲ್ಲ ನಡೆಯುತ್ತಲೇ ಇತ್ತು. ನಿಲ್ಲುವುದೆಂದರೇನು ಅಂತ ಒಂದು ಹನಿಗೂ ಗೊತ್ತಿರಲಿಲ್ಲ.

ಆ ನೀರುಗಳಲ್ಲಿ ತಿಳಿಯವ್ವ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ನಿದ್ದೆಬುರುಕಿ. ಅಕ್ಕಂದಿರಾದ ಹೊಳೆಗಳ ಹಿಂದೆ ಓಡಿ ಓಡಿ ಸಾಕಾಗಿ, ಒಂದು ದಿನ ಬಂಡೆಯ ಮಡಿಲಲ್ಲಿ ಕೂತೇಬಿಟ್ಟಳು.

"ಇನ್ನ ಒಂದ್ ಹೆಜ್ಜೀನೂ ಇಡೂದಿಲ್ಲ ನಾ."

"ಕೂಡು ಮಗಳ" ಎಂದಿತು ಬಂಡೆ.

ಗಾಳಿಯಣ್ಣ ಮಾತ್ರ ಗೊಣಗಿದ. "ಕೂಡು, ಬ್ಯಾಡ ಅನ್ನೂದಿಲ್ಲ. ಆದ್ರ ಮುಂಜಾನಿ ಸಂಜಿ ನಾ ಬಂದು ನಿನ್ನ ಮಗ್ಗಲಾ ಹೊರಳಸ್ತೀನಿ. ಕೂತ ನೀರಿಗೆ ಯಾರರೆ ಜಳಕಾ ಮಾಡಸಬೇಕು."

ಹಾಗೆಯೇ ನಡೆಯಿತು. ಗಾಳಿ ಹೊರಳಿಸುತ್ತಿದ್ದ, ತಿಳಿಯವ್ವ ಕಚಗುಳಿಯಿಟ್ಟಂತೆ ನಗುತ್ತಿದ್ದಳು. ಬಂಡೆ ತನ್ನ ಮೈಯನ್ನೇ ಮೆಟ್ಟಿಲು ಮಾಡಿಕೊಟ್ಟಿತು.

ಹತ್ತಿರದಲ್ಲೇ ಹಾಲವ್ವ ಎಂಬ ತಾಯಿ ಗುಡಿಸಲು ಹಾಕಿದ್ದಳು. ಅವಳ ಮಗಳು ಕೆಂಚಿ ದಿನಾ ಬಂದು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಿಳಿಯವ್ವಾ, ಬರಲೇನ?" ಎಂದು ಕೇಳಿಯೇ ಜಿಗಿಯುತ್ತಿದ್ದಳು. ಆ ಪುಟ್ಟ ಪಾದಗಳು ಒಳಗೆ ಬಂದರೆ ತಿಳಿಯವ್ವನಿಗೆ ಆಗುತ್ತಿದ್ದ ಹಿಗ್ಗು ಅಷ್ಟಿಷ್ಟಲ್ಲ. ಅವಳಿಗೆ ಇಡೀ ದಿನದಲ್ಲಿ ಬೇಕಾಗಿದ್ದದ್ದು ಆ ಒಂದು ಜಿಗಿತ.

ಆದರೂ ನಿದ್ದೆ ಬಿಡಬೇಕಲ್ಲ! ಬೇಸಿಗೆ ಬಂತು. "ಗಾಳಿಯಣ್ಣಾ, ಒಂದಿಷ್ಟ್ ದಿನ ಬರಬ್ಯಾಡ. ಕಣ್ತುಂಬ ಮಲಗ್ತೀನಿ" ಎಂದಳು.

"ನಿನ್ನ ಖುಷಿ" ಎಂದು ಗಾಳಿ ಮುಖ ಊದಿಸಿಕೊಂಡು ಗುಡ್ಡದಾಚೆ ಹೋದ. ತಿಳಿಯವ್ವ ಮಲಗಿದಳು.

ಆಗ ಹಾವಸೆ, ಅಂದರೆ ಪಾಚಿ, ಬಂದಳು. ಕಣ್ಣಿಗೆ ಕಾಣದಷ್ಟು ಸಣ್ಣವಳು, ಮನೆಯಿಲ್ಲದವಳು. "ಅಯ್ಯ, ಹೊದಿಕಿಲ್ದ ಮಲಗ್ಯಾಳಲ್ಲ" ಎಂದು ಮರುಗಿ, ಬಿಸಿಲನ್ನೇ ದಾರ ಮಾಡಿ ಹಸಿರು ಕಂಬಳಿ ನೇಯ್ದಳು. ನೇಯ್ದಳು, ನೇಯ್ದಳು, ನೇಯುತ್ತಲೇ ಹೋದಳು. ಕಂಬಳಿ ನೀರನ್ನೆಲ್ಲ ಮುಚ್ಚಿ ಮೆಟ್ಟಿಲಿಗೂ ಅಂಟಿತು. ಅದರಡಿಯ ಬೆಚ್ಚನೆ ಕತ್ತಲಲ್ಲಿ ಯಾವಯಾವುದೋ ರೋಗದ ಪುಟಾಣಿಗಳು ಬಿಡಾರ ಹೂಡಿದವು. ತಿಳಿಯವ್ವನ ಕನಸಿನಲ್ಲಿ ಆಕಾಶವೂ ಹಸಿರು, ಮೋಡವೂ ಹಸಿರು.

ಕೆಂಚಿ ಬಂದು ನೋಡಿದಳು. ಮಲಗಿದವರನ್ನು ಎಬ್ಬಿಸಬಾರದು ಎಂದು ಹಾಲವ್ವ ಕಲಿಸಿದ್ದಳು. ಪಾಪದ ಹುಡುಗಿ, ನೀರು ಮುಟ್ಟಲಿಲ್ಲ, ಬರಲೇನ ಎಂದು ಕೇಳಲಿಲ್ಲ. ಬೆಕ್ಕಿನ ಹಾಗೆ ಸದ್ದಿಲ್ಲದೆ ಕಂಬಳಿಯೊಳಗೆ ಇಳಿದಳು. ಮೆಟ್ಟಿಲು ಜಾರಿತು. ಗುಟುಕುಗುಟುಕು ನೀರು ಒಳಹೋಯಿತು. ಹೇಗೋ ಎದ್ದು ಮನೆ ಸೇರಿದವಳಿಗೆ ಸಂಜೆಯ ಹೊತ್ತಿಗೆ ಮೈತುಂಬ ತುರಿಕೆ, ಕೆಂಡದಂಥ ಕಣ್ಣು, ವಾಂತಿ, ಜ್ವರ.

ಬೆಳಗಾಗುತ್ತಲೇ ಹಾಲವ್ವ ಓಡಿಬಂದು ಅಂಗೈಯಿಂದ ನೀರಿಗೆ ಬಡಿದಳು. "ಏಳ ತಿಳಿಯವ್ವಾ! ನನ್ನ ಕೂಸಿಗೆ ಏನ್ ಮಾಡಿದಿ?"

ತಿಳಿಯವ್ವ ಕಣ್ಣು ಬಿಟ್ಟಳು. ಆಕಾಶ ಕಾಣಲಿಲ್ಲ. "ಕೆಂಚಿ ಎಲ್ಲಿ?"

"ಹಾಸಿಗಿ ಹಿಡದಾಳ. ಇನ್ನ ಇತ್ತಾಗ ಕಳಸೂದಿಲ್ಲ."

ತಿಳಿಯವ್ವನ ಎದೆ ಒಡೆಯಿತು. "ಗಾಳಿಯಣ್ಣಾ!" ಎಂದು ಕೂಗಿದಳು.

ಮುನಿಸಿಕೊಂಡವನು ತಾನು ಎಂಬುದನ್ನೂ ಮರೆತು ಗಾಳಿ ಓಡೋಡಿ ಬಂದ. ಕಂಬಳಿಯನ್ನು ಒಂದು ಮೂಲೆಗೆ ನೂಕಿದ. ಹಾಲವ್ವ ಅದನ್ನು ಬಾಚಿ ಹೊರಗೆ ಹಾಕಿದಳು. ತೆಂಗಿನ ನಾರು, ಮರಳು ಹಿಡಿದು ಮೆಟ್ಟಿಲನ್ನು ತಿಕ್ಕಿ ತಿಕ್ಕಿ ತೊಳೆದಳು. ಬಂಡೆ ಹಳೆಯ ನೀರಿಗೆ ದಾರಿ ಬಿಟ್ಟಿತು, ಅಕ್ಕ ಹೊಳೆ ಹೊಸ ನೀರು ಕಳಿಸಿದಳು.

ಹಾವಸೆ ಅತ್ತಳು. "ಹೊದಿಸಿದ್ದು ತಪ್ಪಾತೇನ?"

"ಮೀನಿರೋ ಕೆರಿಗೆ ಹೋಗವ್ವ, ಅಲ್ಲಿ ನೀ ಬೇಕು. ಕೂಸು ಆಡೋ ನೀರಿಗೆ ಬರಬ್ಯಾಡ" ಎಂದಳು ತಿಳಿಯವ್ವ.

"ಹೋಗ್ತೀನಿ. ಆದ್ರ ನಿದ್ದಿ ಹೋದ ನೀರು ಕಂಡ್ರ ನನಗ ತಡಿಯಾಕ ಆಗೂದಿಲ್ಲ, ಈಗ ಹೇಳೀನಿ."

ಕೆಂಚಿ ಚೇತರಿಸಿಕೊಂಡು ಬಂದಳು. ಆದರೆ ಮೇಲಿನ ಮೆಟ್ಟಿಲಲ್ಲೇ ನಿಂತಳು, ಭಯ. ತಿಳಿಯವ್ವ ಉಸಿರು ಬಿಗಿಹಿಡಿದಳು. ತಳದ ಒಂದೊಂದು ಹರಳೂ ಕಾಣುತ್ತಿತ್ತು. ಕೆಂಚಿ ಬಾಗಿ ಅಂಗೈಯಿಂದ ನೀರನ್ನು ತಟ್ಟಿದಳು. "ತಿಳಿಯವ್ವಾ, ಎಚ್ಚರದೀಯೇನ?"

ತಿಳಿಯವ್ವ ಈ ದಡದಿಂದ ಆ ದಡದವರೆಗೆ ನಡುಗಿದಳು. ಕೆಂಚಿ ಜಿಗಿದಳು.

ಅದಕ್ಕೇ ಪುಟ್ಟಾ, ಈಜುಕೊಳದ ಮೂಲೆಯಲ್ಲಿ ಗಾಳಿಯ ಬದಲಿಗೆ ಒಂದು ಯಂತ್ರ ಗುಳುಗುಳು ಎನ್ನುತ್ತಾ ನೀರನ್ನು ಹೊರಳಿಸುತ್ತಿರುತ್ತದೆ, ಯಾರೋ ಉದ್ದನೆ ಬ್ರಷ್ ಹಿಡಿದು ಗೋಡೆ ತಿಕ್ಕುತ್ತಿರುತ್ತಾರೆ. ನೀರು ಹಸಿರು ಹೊದ್ದು ತಳ ಕಾಣದಿದ್ದರೆ ತಿಳಿಯವ್ವ ಇನ್ನೂ ಮಲಗಿದ್ದಾಳೆ ಅಂತ ತಿಳಿದು ಮೆಟ್ಟಿಲಲ್ಲೇ ನಿಲ್ಲು. ತಿಳಿಯಾಗಿದ್ದರೆ ಒಮ್ಮೆ ತಟ್ಟಿ ನೋಡು, ಆಚೆ ದಡದವರೆಗೆ ನಡುಗುತ್ತಾ ಹೋಗುವ ಆ ಅಲೆ ಇವತ್ತಿಗೂ "ಎಚ್ಚರದೀನಿ, ಬಾ" ಎನ್ನುತ್ತದೆ.