ಹೊಸ ಲ್ಯಾಪ್‌ಟಾಪಿನ ಏಳು ದೋಷಗಳು

“ಬುದ್ಧಿ, ಊರಲ್ಲಿದ್ದಾಗ ನಾನು ಒಳ್ಳೆಯವನಾಗಿದ್ದೆ. ಮಠಕ್ಕೆ ಬಂದು ಕೆಟ್ಟುಹೋದೆನಲ್ಲ, ಯಾಕೆ?”

ಹೀಗೆ ಕೇಳಿದವನು ಶಿವನಂಜ. ಮರಿದೇವಸ್ವಾಮಿಗಳ ಮಠ ಸೇರಿ ಅವನಿಗೆ ನಾಲ್ಕು ತಿಂಗಳಾಗಿತ್ತು. ವಯಸ್ಸು ಇಪ್ಪತ್ತೆಂಟು. ಬಟ್ಟೆಬರೆಯನ್ನೆಲ್ಲ ಚೀಲಕ್ಕೆ ತುರುಕಿ, ಹನ್ನೊಂದು ಗಂಟೆಯ ಬಸ್ಸಿಗೆ ಊರಿಗೆ ಹೊರಟೇಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಗುರುಗಳ ಮುಂದೆ ನಿಂತಿದ್ದ. ಹೇಳದೆ ಹೋಗಬಾರದು ಎನ್ನುವಷ್ಟು ಒಳ್ಳೆಯತನ ಅವನಲ್ಲಿ ಇನ್ನೂ ಉಳಿದಿತ್ತು.

ಗುರುಗಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. “ಏನು ಕೆಟ್ಟೆ? ಬಿಡಿಸಿ ಹೇಳಪ್ಪ,” ಎಂದರು.

“ಊರಲ್ಲಿ ನನಗೆ ಕೋಪವೆಂದರೇನೆಂದೇ ಗೊತ್ತಿರಲಿಲ್ಲ ಬುದ್ಧಿ. ಇಲ್ಲಿ ದಾಸೋಹದ ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೆ ಮೈಯೆಲ್ಲ ಉರಿಯುತ್ತದೆ. ಧ್ಯಾನಕ್ಕೆ ಕೂತರೆ ಒಳಗೆ ಬರೀ ಕಸ. ಗುರುಮಲ್ಲ ಸಂಜೆಯ ಪ್ರಾರ್ಥನೆ ಹಾಡುವಾಗ ಎಲ್ಲರೂ ತಲೆದೂಗುತ್ತಿದ್ದರು, ನನಗೆ ಹೊಟ್ಟೆಕಿಚ್ಚು. ಹತ್ತು ದಿನದ ಕೆಳಗೆ ಎಲ್ಲರ ಎದುರಿಗೇ, ‘ನಿನ್ನ ಗಂಟಲು ಕೇಳಿದರೆ ಕೊಟ್ಟಿಗೆಯ ಹಸುವೂ ಹಾಲು ಬಿಡೋದಿಲ್ಲ ಕಣೋ’ ಅಂದುಬಿಟ್ಟೆ. ಎಲ್ಲರೂ ಗೊಳ್ಳೆಂದು ನಕ್ಕರು. ಅವತ್ತಿನಿಂದ ಅವನು ಬಾಯಿ ತೆರೆದಿಲ್ಲ. ಇಂಥ ಮಾತು ನನ್ನ ಬಾಯಲ್ಲಿ ಹಿಂದೆಂದೂ ಬಂದದ್ದಿಲ್ಲ. ಈ ಮಠದ ಗಾಳಿ ನನಗೆ ಆಗಿಬರಲಿಲ್ಲ ಬುದ್ಧಿ.”

ಗುರುಗಳು ಮೊರವನ್ನು ಅವನತ್ತ ತಳ್ಳಿದರು.

“ಬಸ್ಸಿಗೆ ಇನ್ನೂ ಹೊತ್ತಿದೆ. ಕೂತು ಇದನ್ನು ಬಿಡಿಸು. ಒಂದು ಲ್ಯಾಪ್‌ಟಾಪಿನ ಕತೆ ಹೇಳುತ್ತೇನೆ.”

ಕೇಳಿದ್ದು ಮನಸ್ಸಿನ ವಿಚಾರ, ಸಿಕ್ಕಿದ್ದು ಲ್ಯಾಪ್‌ಟಾಪು. ಶಿವನಂಜ ಕಣ್ಣು ಕಣ್ಣು ಬಿಟ್ಟ. ಆದರೂ ಕೂತ. ಗುರುಗಳು ಹೇಳಿದ ಕತೆ ಇದು.

ಒಂದು ಊರಲ್ಲಿ ಮದುವೆ ವಿಡಿಯೋ ತೆಗೆಯುವವನೊಬ್ಬನಿದ್ದ. ಕೈತುಂಬ ಕೆಲಸವಿತ್ತು, ಮೂಗಿನ ತುದಿಯಲ್ಲಿ ಕೋಪವಿತ್ತು. ಹನ್ನೆರಡು ವರ್ಷಗಳ ಕಾಲ ಅವನು ಊರಿನ ಮದುವೆಗಳನ್ನೆಲ್ಲ ಒಂದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಜೋಡಿಸಿದ್ದ. ಅದರ ಪರದೆ ಮಂಕಾಗಿ ನೀಲಿಗೆ ತಿರುಗಿತ್ತು. ಎಂಥ ಲಕ್ಷಣವಾದ ಮದುಮಗಳೂ ಅದರಲ್ಲಿ ಜ್ವರ ಬಿಟ್ಟು ಎದ್ದವಳ ಹಾಗೆ ಬಿಳಿಚಿಕೊಂಡು ಕಾಣುತ್ತಿದ್ದಳು. ಅದಕ್ಕೆ ಅವನು ಕೆಂಪು ಏರಿಸುತ್ತಿದ್ದ. ಸಾಲದೆಂದು ಇನ್ನಷ್ಟು ಏರಿಸುತ್ತಿದ್ದ. ಕೊನೆಗೆ ಮುಖ ಕಳೆಕಳೆಯಾಗಿ ಕಂಡಾಗ, “ಆಹಾ, ಗೊಂಬೆ ಅಂದರೆ ಗೊಂಬೆ!” ಎಂದು ತನ್ನನ್ನು ತಾನೇ ಮೆಚ್ಚಿಕೊಂಡು ಪೆನ್‌ಡ್ರೈವಿಗೆ ಹಾಕಿ ಕೊಡುತ್ತಿದ್ದ.

ಮದುವೆ ಮನೆಯವರು ಅದನ್ನು ತಮ್ಮ ಟಿವಿಗೆ ಹಾಕಿ ನೋಡಿದರೆ ಗಂಡುಹೆಣ್ಣು ಇಬ್ಬರೂ ಟೊಮೆಟೊ ಹಣ್ಣಾಗಿರುತ್ತಿದ್ದರು. ಮಂತ್ರ ಹೇಳುವವರು ಯಾರಿಗೋ ಹೊಡೆಯಲು ಎದ್ದವರಂತೆ ಕೆಂಪೇರಿರುತ್ತಿದ್ದರು. “ಅಯ್ಯೋ, ನಮ್ಮ ಟಿವಿ ಕೆಟ್ಟಿತಲ್ಲ!” ಎಂದು ಅವರು ರಿಪೇರಿಯವನನ್ನು ಕರೆಸುತ್ತಿದ್ದರು. ಆ ಊರಿನ ಟಿವಿ ರಿಪೇರಿಯವನಿಗೆ ಮದುವೆಯ ತಿಂಗಳುಗಳೆಂದರೆ ಸುಗ್ಗಿಯೋ ಸುಗ್ಗಿ.

ಅಳುಮೋರೆ ಮಾಡಿಕೊಂಡಿದ್ದ ಶಿವನಂಜನಿಗೆ ಇಲ್ಲಿ ನಗು ತಡೆಯಲಾಗಲಿಲ್ಲ. “ನಗು, ನಗು. ಬೀಜ ಮಾತ್ರ ಹಣ್ಣಿನ ಕಡೆ ಹಾಕಬೇಡ,” ಎಂದು ಗುರುಗಳು ಮುಂದುವರಿಸಿದರು.

ಒಂದು ದಿನ ಆ ಹಳೆಯ ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ವಿಡಿಯೋದವನು ಪಕ್ಕದ ದೊಡ್ಡ ಊರಿಗೆ ಹೋಗಿ ಅಲ್ಲಿನ ಅಂಗಡಿಯಲ್ಲಿ ಎಲ್ಲಕ್ಕಿಂತ ಮೇಲಿನದನ್ನೇ ಆರಿಸಿದ. ಸಿನಿಮಾ ಮಾಡುವವರು ಇಟ್ಟುಕೊಳ್ಳುವಂಥದ್ದು. ಅಂಗಡಿಯಾಕೆ ಹೇಳಿದಳು: “ಏಳು ದಿನ ಬಳಸಿ ನೋಡಿ ಸಾರ್. ಮನಸ್ಸಿಗೆ ಬರದಿದ್ದರೆ ವಾಪಸ್ ತನ್ನಿ, ತಗೋತೀವಿ.”

ಇವನು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದ. ಎಡಕ್ಕೆ ಗುಣ, ಬಲಕ್ಕೆ ದೋಷ. ಅಷ್ಟು ದುಬಾರಿಯ ವಸ್ತುವನ್ನು ತೂಗಿ ನೋಡದೆ ಇಟ್ಟುಕೊಳ್ಳುವ ಮನುಷ್ಯನಲ್ಲ ಅವನು.

ಮೊದಲ ಎರಡು ದಿನ ಗುಣದ ಕಡೆಯೇ ತುಂಬಿತು. ಹಳೆಯದರಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಇದರಲ್ಲಿ ಒಂದು ಲೋಟ ಕಾಫಿ ಕುಡಿಯುವುದರೊಳಗೆ ಮುಗಿಯುತ್ತದೆ. ಒಮ್ಮೆ ಚಾರ್ಜು ಮಾಡಿದರೆ ಮುಹೂರ್ತದಿಂದ ಊಟದವರೆಗೆ ಬರುತ್ತದೆ. ಹೊಸ್ತಿಲ ಮೇಲೆ ಬಿಡಿಸಿದ ರಂಗೋಲಿಯ ಚುಕ್ಕೆಗಳನ್ನು ಎಣಿಸಬಹುದು, ಅಷ್ಟು ನಿಚ್ಚಳ.

ಮೂರನೆಯ ದಿನದಿಂದ ದೋಷ ಶುರುವಾಯಿತು. ಚಾರ್ಜರು ಇಟ್ಟಿಗೆಯಷ್ಟು ಭಾರ. ಪೆನ್‌ಡ್ರೈವ್ ಚುಚ್ಚಲು ಸರಿಯಾದ ತೂತೇ ಇಲ್ಲ, ಅದಕ್ಕೊಂದು ಬೇರೆ ಬಾಲ ಸಿಕ್ಕಿಸಬೇಕು. ತೊಡೆಯ ಮೇಲಿಟ್ಟುಕೊಂಡರೆ ಕಾದು ಚುರುಕ್ಕೆನ್ನುತ್ತದೆ. ಹೆಚ್ಚು ಕೆಲಸ ಕೊಟ್ಟರೆ ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಮೊರೆಯುತ್ತದೆ. ಪರದೆ ಎಷ್ಟು ಹೊಳಪೆಂದರೆ ಹಿಂದಿನ ಕಿಟಕಿಯೆಲ್ಲ ಅದರೊಳಗೆ ಬಂದು ಕೂರುತ್ತದೆ. ಇವು ಐದು.

ಆರನೆಯದು ಬರೆಯುವಾಗ ಅವನಿಗೆ ರೇಗಿಹೋಯಿತು. “ಇದರ ಬಣ್ಣ ಸುಳ್ಳು. ಮನುಷ್ಯರ ಮುಖ ಟೊಮೆಟೊ ಮಾಡುತ್ತದೆ.”

ಏಳನೆಯದನ್ನು ಬರೆದು ಎರಡು ಸಲ ಅಡಿಗೆರೆ ಎಳೆದ. “ಇದರ ಸ್ಪೀಕರಿನೊಳಗೆ ಯಾರೋ ಕೂಗಾಡುತ್ತಾರೆ.”

ಐದನೆಯ ದಿನ ಲ್ಯಾಪ್‌ಟಾಪನ್ನೂ ಹಾಳೆಯನ್ನೂ ಹಿಡಿದು ಅಂಗಡಿಗೆ ನುಗ್ಗಿದ. “ಏನಮ್ಮ, ಒಳ್ಳೆ ಮಾಲು ಅಂತ ತಲೆಗೆ ಕಟ್ಟಿದ್ದೀರಲ್ಲ!” ಎಂದು ಗಂಟಲು ಏರಿಸಿದ. ಅಂಗಡಿಯಾಕೆ ಹಾಳೆ ಇಸಿದುಕೊಂಡು ನಿಧಾನವಾಗಿ ಓದಿದಳು.

“ಮೊದಲ ಐದು ಒಪ್ಪಿದೆ ಸಾರ್. ಅವು ಇದರದೇ ದೋಷ. ಈ ಚಾರ್ಜರು ಎತ್ತಿ ಎತ್ತಿ ನನ್ನ ಕೈಯೂ ಬಿದ್ದುಹೋಗಿದೆ. ಕೊನೆಯ ಎರಡು ಮಾತ್ರ ನೋಡೋಣ, ಬನ್ನಿ.”

ಆಕೆ ಲ್ಯಾಪ್‌ಟಾಪಿನ ಕ್ಯಾಮೆರಾ ತೆರೆದು ಅವನನ್ನು ಮುಂದೆ ನಿಲ್ಲಿಸಿದಳು. ಪರದೆಯಲ್ಲಿ ಅವನ ಮುಖ ಇದ್ದ ಹಾಗೇ ಬಂತು. ಇದ್ದಷ್ಟೇ ಕಪ್ಪು, ಎರಡು ದಿನದ ಗಡ್ಡ, ಹಣೆಯ ವಿಭೂತಿ ಬೆಳ್ಳಗೆ. “ಒಂದೆರಡು ಮಾತಾಡಿ ಸಾರ್,” ಎಂದಳು. ಅವನು, “ಏನು ಮಾತಾಡಲಿ ನನ್ನ ಕರ್ಮ,” ಎಂದ. ಅದನ್ನೇ ಮತ್ತೆ ಕೇಳಿಸಿದಳು. “ಏನು ಮಾತಾಡಲಿ ನನ್ನ ಕರ್ಮ,” ಎಂದಿತು ಲ್ಯಾಪ್‌ಟಾಪು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

“ಈಗ ನಿಮ್ಮ ವಿಡಿಯೋ ಹಾಕೋಣ.”

ಅದು ಹಿಂದಿನ ವಾರದ ಮದುವೆ, ಹಳೆಯ ಲ್ಯಾಪ್‌ಟಾಪಿನಲ್ಲಿ ಅವನೇ ಕೆಂಪು ಏರಿಸಿಟ್ಟದ್ದು. ಮುಖಗಳೆಲ್ಲ ಟೊಮೆಟೊ. ತಾಳಿ ಕಟ್ಟುವ ಹೊತ್ತು. ವಾಲಗದವರು ಗಟ್ಟಿಮೇಳ ಹಿಡಿದಿದ್ದರು. ಆ ಮೇಳದ ನಡುವಿನಿಂದ ಒಂದು ಒರಟು ದನಿ ಎದ್ದಿತು: “ಏ ಅಜ್ಜಿ! ಹಿಂದಕ್ಕೆ ಹೋಗಿ! ಕ್ಯಾಮೆರಾಗೆ ಅಡ್ಡ!” ಅಂಗಡಿಯಲ್ಲಿದ್ದ ನಾಲ್ಕು ಮಂದಿಯೂ ತಿರುಗಿ ಅವನನ್ನೇ ನೋಡಿದರು.

“ಈ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಸಾರ್. ಈಗ ಒಂದು ನಿಮಿಷದ ಹಿಂದೆ ಕೇಳಿದ ಹಾಗೆ,” ಎಂದಳು ಆಕೆ.

ವಿಡಿಯೋದವನ ಮುಖ ಪೆಚ್ಚಾಯಿತು. ಹಳೆಯ ಲ್ಯಾಪ್‌ಟಾಪಿನ ಸ್ಪೀಕರು ಗೊರಗುಟ್ಟುತ್ತಿತ್ತು, ಅದರಲ್ಲಿ ವಾಲಗವೊಂದೇ ಕೇಳಿಸುತ್ತಿತ್ತು. ಹನ್ನೆರಡು ವರ್ಷ ತನ್ನ ಕೂಗು ತನಗೇ ಕೇಳಿಸಿರಲಿಲ್ಲ. ಮದುವೆ ಮನೆಗಳಲ್ಲಿ ಎಲ್ಲರಿಗೂ ಕೇಳಿಸಿತ್ತು. ಈ ಕೋಪಿಷ್ಠನಿಗೆ ಹೇಳುವವರು ಯಾರೆಂದು ಸುಮ್ಮನಿದ್ದರು, ಅಷ್ಟೆ.

ಶಿವನಂಜ ಬೀಜ ಬಿಡಿಸುವುದನ್ನು ನಿಲ್ಲಿಸಿದ್ದ. ಗುರುಗಳು ಅದನ್ನು ನೋಡಿದರು.

“ಮಠಕ್ಕೂ ಅದರದೇ ಆದ ದೋಷ ಇದೆ ಕಣಪ್ಪ,” ಎಂದರು. “ಸಾರಿನ ಉಪ್ಪು ಒಂದು ದಿನವೂ ಸರಿಯಿಲ್ಲ. ಸೊಳ್ಳೆ ಹಿಂಡುಹಿಂಡು. ನನ್ನ ಪ್ರವಚನ ಶುರುವಾದರೆ ಮುಗಿಯುವುದೇ ಇಲ್ಲ. ಅದನ್ನೆಲ್ಲ ನೀನು ಬರೆದುಕೊಂಡು ಬಾ, ಕೆಳಗೆ ನಾನೇ ಸಹಿ ಹಾಕುತ್ತೇನೆ.”

ಶಿವನಂಜನಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. “ಆಮೇಲೇನಾಯಿತು ಬುದ್ಧಿ?” ಎಂದ.

ಆಮೇಲೆ ವಿಡಿಯೋದವನು ಲ್ಯಾಪ್‌ಟಾಪನ್ನು ಮನೆಗೆ ಹೊತ್ತು ತಂದ. ಹಟಕ್ಕೆ ಬಿದ್ದವನಂತೆ ಆ ಮದುವೆಯನ್ನು ತಿದ್ದಲು ಕೂತ. ಕೆಂಪು ಇಳಿಸಿದ. ಮದುಮಗಳ ಮುಖ ಮನುಷ್ಯರ ಮುಖವಾಯಿತು. ಉಟ್ಟ ರೇಷ್ಮೆ ಸೀರೆ ಕಂದು ಬಣ್ಣದ್ದೆಂದುಕೊಂಡಿದ್ದ, ನೋಡಿದರೆ ಎಳೆಯ ಬಾಳೆಲೆಯ ಹಸಿರು. “ಅಬ್ಬಾ, ಈ ಸೀರೆಯನ್ನು ನಾನು ಕೊಂದೇಬಿಟ್ಟಿದ್ದೆನಲ್ಲ!” ಎಂದು ತಲೆ ಚಚ್ಚಿಕೊಂಡ.

ಕೂಗು ಅಳಿಸುವುದು ಇನ್ನೂ ಸುಲಭವಾಯಿತು. ಆ ಲ್ಯಾಪ್‌ಟಾಪಿನಲ್ಲಿ ಅದಕ್ಕೂ ಒಂದು ಉಪಾಯವಿತ್ತು. ಎರಡು ಗುಂಡಿ ಒತ್ತಿದ. ಅವನ ದನಿ ಅಷ್ಟೂ ಮಾಯವಾಗಿ ವಾಲಗ ಮಾತ್ರ ಉಳಿಯಿತು. ಖುಷಿಯಾಗಿ ಗುಣದ ಕಡೆ ಇನ್ನೊಂದು ಸಾಲು ಬರೆದ. ಇನ್ನು ತನ್ನ ತಪ್ಪಿನ ಗುರುತೂ ಇಲ್ಲವೆಂದು ಮತ್ತೊಮ್ಮೆ ಮೊದಲಿನಿಂದ ನೋಡಲು ಕೂತ.

ತಾಳಿ ಕಟ್ಟುವ ಹೊತ್ತು ಬಂತು. ಮದುಮಗಳ ಅಜ್ಜಿ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಮುಂದೆ ಬಂದಳು. ಯಾರೂ ಕೂಗಲಿಲ್ಲ. ಆದರೂ ಅಜ್ಜಿ ಬೆದರಿ ಇತ್ತ ನೋಡಿದಳು. ಹಿಂದೆ ಸರಿದಳು. ಜನರ ನಡುವೆ ಕಾಣದಾದಳು. ಎಲ್ಲರ ಅಕ್ಷತೆಯೂ ಮೊಮ್ಮಗಳ ತಲೆಯ ಮೇಲೆ ಬಿತ್ತು, ಅಜ್ಜಿಯದು ಮುಷ್ಟಿಯಲ್ಲೇ ಉಳಿಯಿತು.

ಅವನು ಅದನ್ನೇ ಹಿಂದಕ್ಕೆ ತಂದು ಹತ್ತು ಸಲ ನೋಡಿದ. ಹತ್ತು ಸಲವೂ ಅಜ್ಜಿ ಹಿಂದೆ ಸರಿದಳು. ಲ್ಯಾಪ್‌ಟಾಪಿನ ಯಾವ ಗುಂಡಿ ಒತ್ತಿದರೂ ಆಕೆ ಮುಂದೆ ಬರಲಿಲ್ಲ. ಆವತ್ತು ಅವನಿಗೆ ಊಟ ಸೇರಲಿಲ್ಲ.

ಏಳನೆಯ ದಿನ ಭಾನುವಾರ. ಹೊಸ ಗಂಡಹೆಂಡಿರು ಹೆಣ್ಣಿನ ಮನೆಗೆ ಊಟಕ್ಕೆ ಬಂದಿದ್ದಾರೆಂದು ತಿಳಿದು ಇವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೋದ. ಬಾಗಿಲಲ್ಲಿ ಅಜ್ಜಿಯೇ ಸಿಕ್ಕಳು. ಇವನನ್ನು ಕಂಡದ್ದೇ ಆಕೆ ಗಡಿಬಿಡಿಯಿಂದ ಪಕ್ಕಕ್ಕೆ ಸರಿದು ನಿಂತಳು.

“ಬಾಪ್ಪ, ಬಾ. ಅವತ್ತು ಅಡ್ಡ ನಿಂತು ನಿನ್ನ ಕೆಲಸ ಕೆಡಿಸಿಬಿಟ್ಟೆ. ಮುದುಕಿಗೆ ಗೊತ್ತಾಗಲಿಲ್ಲ, ತಪ್ಪು ತಿಳ್ಕೋಬೇಡ,” ಎಂದಳು.

ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯ ಹೊಸ್ತಿಲಲ್ಲೇ ಅತ್ತುಬಿಟ್ಟ. “ತಪ್ಪು ನಂದು ಅಜ್ಜಿ. ನೀವು ಅಡ್ಡ ಬಂದಿರಲಿಲ್ಲ. ನಾನೇ ನಿಮಗೂ ನಿಮ್ಮ ಮೊಮ್ಮಗಳಿಗೂ ಅಡ್ಡ ನಿಂತಿದ್ದೆ,” ಎಂದು ಕಾಲಿಗೆ ಬಿದ್ದ.

“ಅಯ್ಯೋ, ಎದ್ದೇಳೋ! ಇಷ್ಟಕ್ಕೆಲ್ಲ ಅಳ್ತಾರಾ? ಒಳಗೆ ಪಾಯಸ ಆರಿಹೋಗ್ತಿದೆ,” ಎಂದಳು ಅಜ್ಜಿ.

ಮನೆಯವರೆಲ್ಲ ನಕ್ಕರು, ಗಂಡುಹೆಣ್ಣನ್ನು ಮತ್ತೆ ಹಸೆಮಣೆಯ ಮೇಲೆ ಕೂರಿಸಿದರು. ಅಜ್ಜಿ ಎರಡು ಕೈತುಂಬ ಅಕ್ಷತೆ ಹಿಡಿದು ಮುಂದೆ ಬಂದಳು. ಎಷ್ಟು ಮುಂದೆಂದರೆ, ಕ್ಯಾಮೆರಾದಲ್ಲಿ ಅರ್ಧಕ್ಕರ್ಧ ಅಜ್ಜಿಯ ಹೆಗಲು, ಮದುಮಗ ಕಾಣಲೇ ಇಲ್ಲ. ವಿಡಿಯೋದವನು ಉಸಿರೆತ್ತಲಿಲ್ಲ. ಅಜ್ಜಿ ಇಬ್ಬರ ತಲೆಯ ಮೇಲೂ ಸುರಿದಳು, ಉಳಿದ ನಾಲ್ಕು ಕಾಳನ್ನು ತಿರುಗಿ ಇವನ ತಲೆಯ ಮೇಲೆ ಹಾಕಿದಳು. ಅವನು ಹನ್ನೆರಡು ವರ್ಷದಲ್ಲಿ ತೆಗೆದ ವಿಡಿಯೋಗಳಲ್ಲೆಲ್ಲ ಅತಿ ಕೆಟ್ಟದಾಗಿ ಬಂದದ್ದು ಅದೇ. ಆ ಮನೆಯವರು ಟಿವಿಯಲ್ಲಿ ಮತ್ತೆ ಮತ್ತೆ ಹಾಕಿಕೊಂಡು ನೋಡುವುದೂ ಅದನ್ನೇ.

ಗುರುಗಳು ಕತೆ ನಿಲ್ಲಿಸಿ ಕೈ ಒರೆಸಿಕೊಂಡರು.

“ಲ್ಯಾಪ್‌ಟಾಪು ವಾಪಸು ಕೊಟ್ಟನಾ ಬುದ್ಧಿ?”

“ಏಳು ದಿನ ಅವತ್ತಿಗೇ ಮುಗಿದಿತ್ತು. ಅವನಿಗೆ ನೆನಪೇ ಆಗಲಿಲ್ಲ.”

ಕೆಳಗಿನ ರಸ್ತೆಗೆ ಹನ್ನೊಂದು ಗಂಟೆಯ ಬಸ್ಸು ಬಂತು, ಎರಡು ಸಲ ಹಾರ್ನ್ ಹೊಡೆಯಿತು, ಹೊರಟುಹೋಯಿತು. ಶಿವನಂಜ ಕೂತಲ್ಲಿಂದ ಕದಲಲಿಲ್ಲ. ಊರಲ್ಲಿ ತಾನು ಆಡಿದ ಮಾತುಗಳು ಒಂದೊಂದಾಗಿ ಅವನಿಗೆ ಈಗ ಕೇಳಿಸತೊಡಗಿದವು. ಅಲ್ಲಿಯೂ ಇದೇ ಕೋಪ ಇತ್ತು, ಇದೇ ಹೊಟ್ಟೆಕಿಚ್ಚು ಇತ್ತು. ನಾಚಿಕೆಯಾಯಿತು. ಜೊತೆಗೆ ಎದೆಯ ಮೇಲಿದ್ದ ಭಾರ ಇಳಿದ ಹಾಗೂ ಆಯಿತು.

ಅವನು ಎದ್ದು ಗುರುಗಳ ಕಾಲು ಹಿಡಿದುಕೊಂಡ.

“ಕೆಡಿಸಿದ್ದು ಮಠ ಅಲ್ಲ ಬುದ್ಧಿ. ನನ್ನೊಳಗೆ ಇದ್ದದ್ದೇ ಇಲ್ಲಿ ಕಂಡಿತು. ನಾನು ಹೋಗೋದಿಲ್ಲ. ಅಂಥ ಮಾತಾಡಿ ಗುರುಮಲ್ಲನ ಹಾಡು ನಿಲ್ಲಿಸಿಬಿಟ್ಟೆ. ನನ್ನನ್ನು ಕ್ಷಮಿಸಬೇಕು.”

ಗುರುಗಳು ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡರು.

“ನೀನು ನಿಲ್ಲಿಸಿದ್ದು ನನ್ನ ಹಾಡನ್ನಲ್ಲವಲ್ಲ, ಶಿವನಂಜ.”